ಅಂಕೆಗೆ ಬಣ್ಣವೆಲ್ಲಿಯದು?

1965ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾರಿನರ್-4 ಎಂಬ ಗಗನನೌಕೆಯು ಮಂಗಳಗ್ರಹದ ಬಳಿಯಲ್ಲಿ ಹಾದುಹೋಯಿತು. ಆ ಗ್ರಹವನ್ನು ಸಮೀಪದಿಂದ ಕಂಡು ಚಿತ್ರ ತೆಗೆದ ಮೊದಲನೆಯ ನೌಕೆ ಅದೇ. ಆದರೆ ನೌಕೆಯಿಂದ ಭೂಮಿಗೆ ಬಂದುದು ಚಿತ್ರವಲ್ಲ, ಬರಿಯ ಅಂಕೆಗಳ ಸಾಲು. ಒಂದೊಂದು ಚಿತ್ರವನ್ನೂ 200 ಸಾಲುಗಳಾಗಿ, ಒಂದೊಂದು ಸಾಲನ್ನೂ 200 ಬಿಂದುಗಳಾಗಿ ವಿಭಾಗಿಸಿ, ಪ್ರತಿಯೊಂದು ಬಿಂದುವಿನ ಬೆಳಕಿನ ಪ್ರಮಾಣವನ್ನು 0ಯಿಂದ 63ರ ವರೆಗಿನ ಒಂದು ಸಂಖ್ಯೆಯಿಂದ ಸೂಚಿಸಲಾಗಿತ್ತು. ರೇಡಿಯೋ ಸಂಕೇತಗಳು ಬಹು ನಿಧಾನವಾಗಿ ಬರುತ್ತಿದ್ದುದರಿಂದ ಒಂದು ಚಿತ್ರ ಪೂರ್ತಿಯಾಗಿ ಕೈಸೇರಲು ಸುಮಾರು 8 ಗಂಟೆಗಳ ಕಾಲ ಹಿಡಿಯುತ್ತಿತ್ತು.

ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕಾದು ಕುಳಿತಿದ್ದ ಎಂಜಿನಿಯರರಿಗೆ ಗಣಕಯಂತ್ರವು ಚಿತ್ರವನ್ನು ಸಿದ್ಧಗೊಳಿಸುವವರೆಗೆ ತಾಳ್ಮೆ ಉಳಿಯಲಿಲ್ಲ. ಅಂಕೆಗಳು ಅಚ್ಚಾಗಿ ಬಂದ ಕಾಗದದ ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ, ಇಂಥ ಅಂಕೆಗೆ ಇಂಥ ಬಣ್ಣವೆಂದು ತಾವೇ ಗೊತ್ತುಮಾಡಿಕೊಂಡು, ಬಣ್ಣದ ಕಡ್ಡಿಗಳಿಂದ ಕೈಯಾರೆ ತುಂಬಿದರು. ಮಂಗಳಗ್ರಹದ ಅಂಚು ಕಂದು, ಕೆಂಪು, ಹಳದಿ ವರ್ಣಗಳಲ್ಲಿ ಕಾಗದದ ಮೇಲೆ ಮೂಡಿಬಂದಿತು.

ಆ ಬಣ್ಣಗಳು ಎಲ್ಲಿಂದ ಬಂದುವು? ನೌಕೆ ಅವುಗಳನ್ನು ಕಳುಹಿಸಿರಲಿಲ್ಲ. ಕಡ್ಡಿಗಳನ್ನು ಹಿಡಿದವರು ನೀಲಿ, ಹಸುರುಗಳನ್ನು ಆರಿಸಿಕೊಂಡಿದ್ದರೆ ಅದೇ ಅಂಕೆಗಳಿಂದ ನೀಲಿ-ಹಸುರಿನ ಮಂಗಳವೇ ಮೂಡುತ್ತಿತ್ತು. ಅಂಕೆಗೆ ತನ್ನದೆಂಬ ಬಣ್ಣವಿಲ್ಲ. ಅದನ್ನು ಹೀಗೆ ಓದಬೇಕು ಎಂಬ ಒಪ್ಪಂದವೇ ಅದಕ್ಕೆ ಬಣ್ಣ ಕೊಡುತ್ತದೆ. ನಮ್ಮ ಮೇಜಿನ ಮೇಲಿನ ಗಣಕಯಂತ್ರದ ಪರದೆಯಲ್ಲಿ ಕಾಣುವ ಪ್ರತಿಯೊಂದು ಚಿತ್ರವೂ ಇಂಥ ಒಪ್ಪಂದಗಳನ್ನೇ ಆಧರಿಸಿ ನಿಂತಿದೆ. ಒಂದು ಒಪ್ಪಂದದಂತೆ ಬರೆದ ಚಿತ್ರವನ್ನು ಇನ್ನೊಂದು ಒಪ್ಪಂದಕ್ಕೆ ಬದಲಾಯಿಸಿ ಬರೆಯುವ ಕೆಲಸ ಕ್ಷಣಕ್ಷಣವೂ ನಮಗೆ ತಿಳಿಯದಂತೆ ನಡೆಯುತ್ತಿರುತ್ತದೆ. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಚುಕ್ಕಿಗಳ ಲೆಕ್ಕ

ನಮ್ಮ ಹೆಣ್ಣುಮಕ್ಕಳು ರಂಗೋಲಿ ಹಾಕುವ ಮೊದಲು ನೆಲದ ಮೇಲೆ ಸಾಲುಸಾಲಾಗಿ ಚುಕ್ಕಿಗಳನ್ನಿಡುವುದನ್ನು ಎಲ್ಲರೂ ಬಲ್ಲರು. ಗಣಕಯಂತ್ರದ ಚಿತ್ರವೂ ಅಂಥದೇ ಚುಕ್ಕಿಗಳ ಹಾಸು. ಭೇದವಿಷ್ಟೆ: ಇಲ್ಲಿ ಚುಕ್ಕಿಗಳನ್ನು ಕೂಡಿಸುವ ಗೆರೆಗಳಿಲ್ಲ, ಚುಕ್ಕಿಗಳೇ ಒತ್ತಾಗಿ ಕುಳಿತು ಚಿತ್ರವಾಗುತ್ತವೆ. ಈ ಚುಕ್ಕಿಗೆ ‘ಪಿಕ್ಸೆಲ್’ ಎಂದು ಹೆಸರು. ಮ್ಯಾರಿನರ್ ನೌಕೆ ಮಂಗಳವನ್ನು ಹಾದುಹೋದ 1965ರಲ್ಲಿಯೇ ಅದೇ ಪ್ರಯೋಗಶಾಲೆಯ ಫ್ರೆಡ್ ಬಿಲಿಂಗ್ಸ್ಲಿ ಎಂಬಾತನ ಬರಹಗಳಲ್ಲಿ ಈ ಶಬ್ದವು ಅಚ್ಚಾಯಿತು.

ಗಣಕಯಂತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ ಬರೆಯುತ್ತದೆ. ಅಂಥ ಒಂದು ಚಿಹ್ನೆಯ ಸ್ಥಾನಕ್ಕೆ ‘ಬಿಟ್’ ಎಂದೂ, 8 ಬಿಟ್‌ಗಳ ಗುಂಪಿಗೆ ‘ಬೈಟ್’ ಎಂದೂ ಹೆಸರು. ಒಂದು ಬೈಟ್‌ನಲ್ಲಿ 0ಯಿಂದ 255ರ ವರೆಗೆ 256 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಪರದೆಯು ಉಳಿದ ಬಣ್ಣಗಳನ್ನು ತೋರಿಸುತ್ತದೆಯಾಗಿ, ಒಂದೊಂದು ಬೆಳಕಿಗೆ ಒಂದೊಂದು ಬೈಟನ್ನು ಕೊಟ್ಟರೆ ಒಟ್ಟು 1,67,77,216 ಬಣ್ಣಗಳು ದೊರೆಯುತ್ತವೆ. ಇದು ಸಾಮಾನ್ಯವಾದ ಕ್ರಮ. ಆದರೆ ಏಕಮಾತ್ರ ಕ್ರಮವಲ್ಲ.

ಒಪ್ಪಂದಗಳು ಹಲವು

ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ, ಚಿತ್ರಗಳನ್ನು ಇಡುವ ಕೆಲಸವನ್ನು ಪ್ರತಿಯೊಬ್ಬ ಪ್ರೋಗ್ರಾಮುಕಾರನೂ ಮೊದಲಿನಿಂದ ಬರೆಯುತ್ತ ಕೂರುವುದಿಲ್ಲ. ಯಾರೋ ಒಮ್ಮೆ ಬರೆದು ಪರೀಕ್ಷಿಸಿಟ್ಟ ಸಿದ್ಧ ಭಾಗಗಳ ಸಂಗ್ರಹಗಳುಂಟು, ಇವುಗಳನ್ನು ಲೈಬ್ರರಿಗಳೆನ್ನುತ್ತಾರೆ. ಇವುಗಳಲ್ಲಿ ಪ್ರಸಿದ್ಧವಾದುದೊಂದು ‘ಕ್ಯೂಟ್’. ನಾರ್ವೆ ದೇಶದ ಹೋವರ್ಡ್ ನೋರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಎಂಬಿಬ್ಬರು 1991ರಲ್ಲಿ ಇದನ್ನು ಬರೆಯಲು ಪ್ರಾರಂಭಿಸಿ 1995ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದರು. ಚಲನಚಿತ್ರಗಳನ್ನು ತೋರಿಸುವ ವಿಎಲ್‌ಸಿ, ಲಿನಕ್ಸ್ ಗಣಕಗಳ ಕೆಡಿಇ ಪರದೆ ಮುಂತಾದ ಅನೇಕ ಪ್ರೋಗ್ರಾಮುಗಳು ಇದರ ಆಧಾರದ ಮೇಲೆ ನಿಂತಿವೆ. ನಮ್ಮ ವಿವರಣೆಗೆ ಇದನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕ್ಯೂಟ್ ಲೈಬ್ರರಿಯಲ್ಲಿ ಚಿತ್ರವನ್ನು ಹಿಡಿದಿಡುವ ಭಾಗಕ್ಕೆ ‘ಕ್ಯೂಇಮೇಜ್’ ಎಂದು ಹೆಸರು. ಅದು ಪಿಕ್ಸೆಲ್‌ಗಳನ್ನು ಬರೆದಿಡುವ ಮೂವತ್ತಕ್ಕೂ ಹೆಚ್ಚು ಕ್ರಮಗಳನ್ನು ಬಲ್ಲುದು. ಈ ಕ್ರಮಗಳನ್ನು ಪಿಕ್ಸೆಲ್ ನಮೂನೆಗಳೆಂದು ಕರೆಯೋಣ. ಇಷ್ಟೊಂದು ನಮೂನೆಗಳು ಏತಕ್ಕೆ? ಅಗಲಕ್ಕೆ 1920, ಎತ್ತರಕ್ಕೆ 1080 ಪಿಕ್ಸೆಲ್‌ಗಳಿರುವ ಒಂದು ಚಿತ್ರವನ್ನು ನೋಡಿ. ಅದರಲ್ಲಿ 20,73,600 ಪಿಕ್ಸೆಲ್‌ಗಳಿವೆ. ಪಿಕ್ಸೆಲ್ ಒಂದಕ್ಕೆ 4 ಬೈಟ್‌ಗಳಂತೆ ಬರೆದರೆ 82,94,400 ಬೈಟ್‌ಗಳು ಬೇಕು. 3 ಬೈಟ್‌ಗಳಂತಾದರೆ 62,20,800. 2 ಬೈಟ್‌ಗಳಂತಾದರೆ 41,47,200. ಬಣ್ಣವನ್ನು ಬಿಟ್ಟು ಬೂದುಛಾಯೆಗಳನ್ನು ಮಾತ್ರ ಇರಿಸಿದರೆ 20,73,600 ಬೈಟ್‌ಗಳಲ್ಲಿ ಮುಗಿಯುತ್ತದೆ. ಬರಿಯ ಕಪ್ಪು ಬಿಳುಪು ಸಾಕೆಂದರೆ ಪಿಕ್ಸೆಲ್‌ಗೆ ಒಂದೇ ಬಿಟ್. ಒಟ್ಟು 2,59,200 ಬೈಟ್‌ಗಳು ಮಾತ್ರ. ಅಚ್ಚಿನ ಪುಟವನ್ನು ಚಿತ್ರವಾಗಿಸಿ ಇಡುವವನಿಗೆ ಈ ಕೊನೆಯದು ಸಾಕು. ಹೂವಿನ ಛಾಯಾಚಿತ್ರ ತೆಗೆದವನಿಗೆ ಸಾಲದು. ಕ್ಯಾಮೆರಾ ಒಂದು ನಮೂನೆಯಲ್ಲಿ ಕೊಡುತ್ತದೆ, ಪರದೆ ಇನ್ನೊಂದನ್ನು ಬೇಡುತ್ತದೆ, ಮುದ್ರಣಯಂತ್ರ ಮತ್ತೊಂದನ್ನು ಕೇಳುತ್ತದೆ. ಇವುಗಳ ನಡುವೆ ಪರಿವರ್ತನೆ ಅನಿವಾರ್ಯವಾಗುವುದು ಹೀಗೆ.

ಪ್ರೋಗ್ರಾಮುಕಾರನಿಗೆ ಈ ಪರಿವರ್ತನೆ ಒಂದೇ ಸಾಲಿನ ಕೆಲಸ. ‘ಕನ್ವರ್ಟ್ ಟು ಫಾರ್ಮ್ಯಾಟ್’ ಎಂಬ ಆಜ್ಞೆಯನ್ನು ಬರೆದು, ಬೇಕಾದ ನಮೂನೆಯ ಹೆಸರನ್ನು ಕೊಟ್ಟರಾಯಿತು. ಹೊಸ ಚಿತ್ರ ಕೈಗೆ ಬರುತ್ತದೆ. ಆಜ್ಞೆ ಇಷ್ಟು ಸುಲಭವಾದುದರಿಂದಲೇ ಒಳಗೆ ನಡೆಯುವುದನ್ನು ತಿಳಿಯದೆ ಅದನ್ನು ಬಳಸುವವರು ಹೆಚ್ಚು. ಎಲ್ಲ ಪರಿವರ್ತನೆಗಳೂ ಒಂದೇ ಜಾತಿಯವಲ್ಲ. ಕೆಲವು ಪಾತ್ರೆಯಿಂದ ಪಾತ್ರೆಗೆ ಅಕ್ಕಿಯನ್ನು ಸುರಿದಂತೆ. ಒಂದು ಕಾಳೂ ಕಳೆಯುವುದಿಲ್ಲ. ಕೆಲವು ಅಕ್ಕಿಯನ್ನು ಹಿಟ್ಟು ಮಾಡಿದಂತೆ; ಹಿಟ್ಟಿನಿಂದ ಮತ್ತೆ ಕಾಳು ಬಾರದು.

ಯಾವುದು ಮೊದಲು?

ಮೊದಲು ಏನೂ ನಷ್ಟವಾಗದ ಪರಿವರ್ತನೆಯನ್ನು ತೆಗೆದುಕೊಳ್ಳೋಣ. ಒಬ್ಬರು ಪತ್ರದ ಮೇಲೆ 5-8 ಎಂದು ತಾರೀಖು ಹಾಕಿದ್ದಾರೆನ್ನಿ. ನಾವು ಅದನ್ನು ಆಗಸ್ಟ್ 5 ಎಂದು ಓದುತ್ತೇವೆ. ಅಮೆರಿಕದವರು ಮೇ 8 ಎಂದು ಓದುತ್ತಾರೆ. ಬರಹ ಒಂದೇ, ದಿನ ಬೇರೆ. ಪಿಕ್ಸೆಲ್‌ಗಳ ವಿಷಯದಲ್ಲಿಯೂ ಹೀಗೆಯೇ. ಮೂರು ಬೈಟ್‌ಗಳನ್ನು ಕೆಂಪು, ಹಸುರು, ನೀಲಿ ಎಂಬ ಅನುಕ್ರಮದಲ್ಲಿ ಬರೆಯುವ ಪದ್ಧತಿಯುಂಟು; ನೀಲಿ, ಹಸುರು, ಕೆಂಪು ಎಂದು ಬರೆಯುವ ಪದ್ಧತಿಯೂ ಉಂಟು. ವಿಂಡೋಸ್ ಗಣಕಗಳ ಬಿಟ್‌ಮ್ಯಾಪ್ ಚಿತ್ರಗಳಲ್ಲಿ ನೀಲಿಯೇ ಮೊದಲು. ಗಣಕದೃಷ್ಟಿಯ ಕೆಲಸಗಳಿಗೆ ಬಳಕೆಯಾಗುವ ಓಪನ್‌ಸಿವಿ ಲೈಬ್ರರಿಯೂ ರೂಢಿಯಲ್ಲಿ ನೀಲಿಯನ್ನೇ ಮೊದಲಿಡುತ್ತದೆ. ಹಾಗೆ ಬರೆದ ಚಿತ್ರವನ್ನು ಕೆಂಪು ಮೊದಲೆಂದು ತಿಳಿದು ಓದಿದರೆ ಆಕಾಶ ಕಿತ್ತಳೆಯ ಬಣ್ಣ ತಾಳುತ್ತದೆ, ಮನುಷ್ಯನ ಮುಖ ನೀಲಿಗಟ್ಟುತ್ತದೆ. ಹಸುರು ನಡುವೆ ಇರುವುದರಿಂದ ಎಲೆಗಳು ಮಾತ್ರ ಬಹುಮಟ್ಟಿಗೆ ಹಸುರಾಗಿಯೇ ಉಳಿಯುತ್ತವೆ. ನೀಲಿಯ ಮುಖವನ್ನು ಕಂಡ ಪ್ರೋಗ್ರಾಮುಕಾರನು ರೋಗವನ್ನು ಕೂಡಲೆ ಗುರುತಿಸುತ್ತಾನೆ. ಕೆಂಪು ನೀಲಿಗಳನ್ನು ಅದಲುಬದಲು ಮಾಡಲು ಕ್ಯೂಟ್ ಲೈಬ್ರರಿಯಲ್ಲಿ ಪ್ರತ್ಯೇಕವಾದ ಆಜ್ಞೆಯೇ ಇದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ನಾಲ್ಕು ಬೈಟ್‌ಗಳನ್ನು ಕೂಡಿಸಿ ಒಂದೇ ದೊಡ್ಡ ಸಂಖ್ಯೆಯೆಂದು ಭಾವಿಸಿದಾಗ, ಆ ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಕೆಲವು ಯಂತ್ರಗಳು ಮೊದಲು ಬರೆಯುತ್ತವೆ, ಕೆಲವು ಕೊನೆಗೆ ಬರೆಯುತ್ತವೆ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಲ್ಲಿ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದ ಒಡೆಯಬೇಕೋ ಎಂದು ಕುಬ್ಜರು ಯುದ್ಧ ಮಾಡುತ್ತಾರಷ್ಟೆ. ಅದನ್ನು ನೆನೆದು ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರಲ್ಲಿ ಈ ಎರಡು ಪಂಗಡಗಳ ಯಂತ್ರಗಳಿಗೆ ದಪ್ಪತುದಿಯವು, ಸಣ್ಣತುದಿಯವು ಎಂದು ಹೆಸರಿಟ್ಟನು. ಆ ಹೆಸರುಗಳೇ ನಿಂತುವು. ಇಂದು ನಮ್ಮ ಮೇಜುಗಳ ಮೇಲಿರುವ ಗಣಕಗಳು ಸಾಮಾನ್ಯವಾಗಿ ಸಣ್ಣತುದಿಯ ಪಂಗಡದವು. ಕ್ಯೂಟ್‌ನ ‘ಎಆರ್‌ಜಿಬಿ32’ ನಮೂನೆಯಲ್ಲಿ ಪಿಕ್ಸೆಲ್ ಒಂದು ದೊಡ್ಡ ಸಂಖ್ಯೆ. ಆದುದರಿಂದ ಹೆಸರಿನಲ್ಲಿ ಆಲ್ಫಾ, ಕೆಂಪು, ಹಸುರು, ನೀಲಿ ಎಂಬ ಅನುಕ್ರಮವಿದ್ದರೂ ಈ ಯಂತ್ರಗಳ ಸ್ಮೃತಿಯಲ್ಲಿ ಬೈಟ್‌ಗಳು ನೀಲಿ, ಹಸುರು, ಕೆಂಪು, ಆಲ್ಫಾ ಎಂದು ಕುಳಿತಿರುತ್ತವೆ. ‘ಆರ್‌ಜಿಬಿಎ8888’ ಎಂಬ ನಮೂನೆಯಲ್ಲಾದರೋ ಯಂತ್ರ ಯಾವುದಾದರೂ ಕೆಂಪೇ ಮೊದಲ ಬೈಟ್. ಹೆಸರನ್ನು ನೋಡಿ ಅರ್ಥವನ್ನು ಊಹಿಸುವವನು ಇಲ್ಲಿ ಎಡವುವುದು ಖಂಡಿತ. ಆಲ್ಫಾ ಎಂದರೇನೆಂಬುದನ್ನು ಮುಂದೆ ಹೇಳುತ್ತೇವೆ.

ಸಾಲಿನ ಕೊನೆಯ ಬರಿಯ ಜಾಗ

ಪಿಕ್ಸೆಲ್‌ನ ಒಳಗಿನ ಅನುಕ್ರಮ ತಿಳಿದರೂ ಸಾಲುಗಳ ಅಳತೆ ತಿಳಿಯದಿದ್ದರೆ ಚಿತ್ರ ಕೆಡುತ್ತದೆ. 4 ಬೈಟ್‌ಗಳ ಗಡಿಯಲ್ಲಿ ಪ್ರಾರಂಭವಾಗುವ ಸಾಲನ್ನು ಯಂತ್ರವು ಸರಾಗವಾಗಿ ಓದಬಲ್ಲುದು. ಆದುದರಿಂದ ಕ್ಯೂಟ್ ಲೈಬ್ರರಿಯು ತಾನು ರಚಿಸುವ ಚಿತ್ರದ ಪ್ರತಿಯೊಂದು ಸಾಲಿನ ಉದ್ದವನ್ನೂ 4ರಿಂದ ನಿಶ್ಶೇಷವಾಗಿ ಭಾಗವಾಗುವಂತೆ ಮಾಡುತ್ತದೆ. 101 ಪಿಕ್ಸೆಲ್ ಅಗಲದ, ಪಿಕ್ಸೆಲ್‌ಗೆ 3 ಬೈಟ್‌ಗಳಿರುವ ಚಿತ್ರವನ್ನು ನೋಡಿ. ಒಂದು ಸಾಲಿಗೆ 303 ಬೈಟ್‌ಗಳು ಸಾಕು. ಆದರೆ 303ನ್ನು 4 ಭಾಗಿಸದು. ಲೈಬ್ರರಿಯು ಒಂದು ಬರಿಯ ಬೈಟನ್ನು ಸೇರಿಸಿ 304 ಮಾಡುತ್ತದೆ.

ಇದನ್ನರಿಯದೆ ಸಾಲಿಗೆ 303 ಬೈಟ್‌ಗಳೆಂದೇ ಎಣಿಸುತ್ತ ಹೋದವನಿಗೆ ಮೊದಲನೆಯ ಸಾಲು ಸರಿಯಾಗಿಯೇ ಕಾಣುತ್ತದೆ. ಎರಡನೆಯ ಸಾಲು ಒಂದು ಬೈಟ್ ಜರುಗುತ್ತದೆ, ಮೂರನೆಯದು ಎರಡು ಬೈಟ್ ಜರುಗುತ್ತದೆ. ನೂರು ಸಾಲುಗಳಾಗುವಷ್ಟರಲ್ಲಿ ಚಿತ್ರ ಗಾಳಿಗೆ ಬಾಗಿದ ಬಾಳೆಯ ಗಿಡದಂತೆ ವಾಲಿರುತ್ತದೆ. ಸಾಲುಸಾಲಿಗೂ ಬಣ್ಣಗಳು ಸ್ಥಾನ ಪಲ್ಲಟಗೊಂಡಿರುತ್ತವೆ. ಅಗಲ 100 ಅಥವಾ 104 ಪಿಕ್ಸೆಲ್ ಇದ್ದಿದ್ದರೆ ತಪ್ಪು ಹೊರಗೆ ಕಾಣುತ್ತಲೇ ಇರಲಿಲ್ಲ. ಇಂಥ ದೋಷಗಳು ಬಹುಕಾಲ ಅಡಗಿರುವುದಕ್ಕೆ ಇದೇ ಕಾರಣ.

ಈವರೆಗೆ ಹೇಳಿದ ತೊಂದರೆಗಳಲ್ಲಿ ಒಂದು ಸಮಾಧಾನವುಂಟು. ಓದುವ ಕ್ರಮ ತಪ್ಪಾಗಿದ್ದರೂ ಅಂಕೆಗಳು ನಷ್ಟವಾಗಿಲ್ಲ. ಸರಿಯಾದ ಒಪ್ಪಂದವನ್ನು ತಿಳಿದೊಡನೆ ಚಿತ್ರ ಮರಳಿ ದೊರೆಯುತ್ತದೆ. ಮುಂದಿನ ಪರಿವರ್ತನೆಗಳು ಹಾಗಲ್ಲ.

ಆಣೆಯಿಂದ ನಯಾಪೈಸೆಗೆ

1957ನೆಯ ಇಸವಿ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆಗಳು. ಅಂದಿನಿಂದ ರೂಪಾಯಿಗೆ 100 ನಯಾಪೈಸೆಗಳು. ಲೆಕ್ಕದಂತೆ ಒಂದು ಆಣೆಗೆ 6¼ ನಯಾಪೈಸೆಗಳಾಗಬೇಕು. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಆಣೆಗೆ 6 ನಯಾಪೈಸೆಗಳೆಂದು ಎಣಿಸಬೇಕಾಯಿತು. ಹದಿನಾರು ಜನರು ಒಂದೊಂದು ಆಣೆಯನ್ನು ಬೇರೆ ಬೇರೆಯಾಗಿ ಬದಲಾಯಿಸಿಕೊಂಡರೆ ಅವರೆಲ್ಲರಿಗೂ ಸೇರಿ ದೊರೆಯುವುದು 96 ನಯಾಪೈಸೆಗಳೇ ಹೊರತು ಪೂರ್ತಿ ರೂಪಾಯಿಯಲ್ಲ. ಒಂದು ಅಳತೆಯ ಮೆಟ್ಟಿಲುಗಳು ಇನ್ನೊಂದರ ಮೆಟ್ಟಿಲುಗಳಿಗೆ ಹೊಂದದಿದ್ದಾಗ ಹೀಗೆ ಅಂಚಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತದೆ.

ಪಿಕ್ಸೆಲ್‌ಗೆ 2 ಬೈಟ್‌ಗಳಿರುವ ನಮೂನೆಗೆ ಚಿತ್ರವನ್ನು ಬದಲಾಯಿಸುವಾಗ ಇದೇ ನಡೆಯುತ್ತದೆ. ಅಲ್ಲಿರುವ 16 ಬಿಟ್‌ಗಳಲ್ಲಿ ಕೆಂಪಿಗೆ 5, ಹಸುರಿಗೆ 6, ನೀಲಿಗೆ 5 ಹಂಚಿಕೆಯಾಗುತ್ತವೆ. ಹಸುರಿಗೆ ಒಂದು ಹೆಚ್ಚು ಏಕೆಂದರೆ ನಮ್ಮ ಕಣ್ಣು ಹಸುರಿನ ಏರಿಳಿತಗಳನ್ನು ಉಳಿದೆರಡಕ್ಕಿಂತ ಚೆನ್ನಾಗಿ ಗುರುತಿಸುತ್ತದೆ. 5 ಬಿಟ್‌ಗಳಲ್ಲಿ 32 ಸಂಖ್ಯೆಗಳಿಗೆ ಮಾತ್ರ ಸ್ಥಳ. ಕೆಂಪಿನ 256 ಮೆಟ್ಟಿಲುಗಳು 32 ಆಗಬೇಕು. ಎಂದರೆ ನೆರೆಹೊರೆಯ ಎಂಟೆಂಟು ಛಾಯೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ.

ಮರಳಿ ಬರುವಾಗಿನ ಲೆಕ್ಕವೂ ಸ್ವಾರಸ್ಯವಾಗಿದೆ. 8ರಿಂದ ಭಾಗಿಸಿ ಚಿಕ್ಕದು ಮಾಡಿದುದನ್ನು 8ರಿಂದಲೇ ಗುಣಿಸಿ ದೊಡ್ಡದು ಮಾಡಬಹುದೆಂದು ತೋರುತ್ತದೆ. ಆದರೆ 255ನ್ನು 8ರಿಂದ ಭಾಗಿಸಿ ಶೇಷವನ್ನು ಬಿಟ್ಟರೆ 31. 31ನ್ನು 8ರಿಂದ ಗುಣಿಸಿದರೆ 248. ಹೀಗಾದರೆ ಅಚ್ಚ ಬಿಳುಪು ಎಂದೆಂದಿಗೂ ಬಿಳುಪಾಗಿ ಹಿಂತಿರುಗದು. ಆದುದರಿಂದ ಐದು ಬಿಟ್‌ಗಳನ್ನು ಎಡಕ್ಕೆ ಸರಿಸಿ, ತೆರವಾದ ಮೂರು ಸ್ಥಾನಗಳಲ್ಲಿ ಅದೇ ಸಂಖ್ಯೆಯ ಮೊದಲ ಮೂರು ಬಿಟ್‌ಗಳನ್ನು ಮತ್ತೊಮ್ಮೆ ಬರೆಯುತ್ತಾರೆ. ಆಗ 31 ಎಂಬುದು ಸರಿಯಾಗಿ 255 ಆಗುತ್ತದೆ, 0 ಎಂಬುದು 0 ಆಗಿಯೇ ಉಳಿಯುತ್ತದೆ. ನಡುವಿನವು ಮಾತ್ರ ಕದಲುತ್ತವೆ: 200 ಎಂಬುದು 25 ಆಗಿ, ಹಿಂತಿರುಗುವಾಗ 206 ಆಗುತ್ತದೆ. ಕಣ್ಣಿಗೆ ಇದು ಅಲ್ಪ ಭೇದ. ಆದರೆ ಸಂಜೆಯ ಆಕಾಶದಂಥ ನಯವಾದ ಏರಿಳಿತವಿರುವ ಚಿತ್ರದಲ್ಲಿ ಈ ಮೆಟ್ಟಿಲುಗಳು ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತವೆ.

ಬಣ್ಣದಿಂದ ಬೂದಿಗೆ

ಬಣ್ಣದ ಚಿತ್ರವನ್ನು ಬೂದುಛಾಯೆಯ ಚಿತ್ರವನ್ನಾಗಿ ಮಾಡುವುದು ಇನ್ನೂ ದೊಡ್ಡ ತ್ಯಾಗ. ಮೂರು ಸಂಖ್ಯೆಗಳ ಬದಲು ಒಂದೇ ಸಂಖ್ಯೆ ಉಳಿಯಬೇಕು. ಮೂರರ ಸರಾಸರಿಯನ್ನು ತೆಗೆದರೆ ಸಾಲದು. ಕಣ್ಣಿಗೆ ಹಸುರು ಹೆಚ್ಚು ಪ್ರಕಾಶವಾಗಿಯೂ ನೀಲಿ ಮಬ್ಬಾಗಿಯೂ ತೋರುವುದರಿಂದ ಅವುಗಳಿಗೆ ಬೇರೆ ಬೇರೆ ತೂಕವನ್ನು ಕೊಡಬೇಕು. ಕ್ಯೂಟ್ ಲೈಬ್ರರಿಯ ‘ಕ್ಯೂಗ್ರೇ’ ಎಂಬ ಸೂತ್ರವು ಕೆಂಪನ್ನು 11ರಿಂದ, ಹಸುರನ್ನು 16ರಿಂದ, ನೀಲಿಯನ್ನು 5ರಿಂದ ಗುಣಿಸಿ, ಕೂಡಿಸಿ, 32ರಿಂದ ಭಾಗಿಸುತ್ತದೆ. 32ರಿಂದ ಭಾಗಿಸುವುದು ಯಂತ್ರಕ್ಕೆ ಬಿಟ್‌ಗಳನ್ನು ಐದು ಸ್ಥಾನ ಸರಿಸುವಷ್ಟೇ ಸುಲಭವಾದುದರಿಂದ ಈ ಸಂಖ್ಯೆಗಳನ್ನು ಆರಿಸಿಕೊಂಡಿರುವುದು ಅನುಕೂಲವಾಗಿದೆ.

ಈ ಸೂತ್ರದಲ್ಲಿ ಅಚ್ಚ ಕೆಂಪನ್ನು ಹಾಕಿ ನೋಡೋಣ: 255 × 11 ÷ 32, ಶೇಷ ಬಿಟ್ಟರೆ 87. ಈಗ 175 ಪ್ರಮಾಣದ ಅಚ್ಚ ಹಸುರು: 175 × 16 ÷ 32, ಇದೂ 87. ಎಲೆಗಳ ನಡುವೆ ಕೆಂಪಗೆ ಹೊಳೆಯುವ ಹಣ್ಣುಮೆಣಸಿನಕಾಯಿ ಬೂದುಚಿತ್ರದಲ್ಲಿ ಎಲೆಯೊಡನೆ ಒಂದಾಗಿ ಮಾಯವಾಗಬಹುದೆಂದಾಯಿತು. 87 ಎಂಬ ಸಂಖ್ಯೆಯನ್ನು ಮಾತ್ರ ಕೊಟ್ಟು, ಇದು ಕಾಯಿಯೋ ಎಲೆಯೋ ಹೇಳು ಎಂದರೆ ಪ್ರಪಂಚದ ಯಾವ ಲೈಬ್ರರಿಯೂ ಉತ್ತರ ಹೇಳಲಾರದು.

ಬೂದುಛಾಯೆಗಳನ್ನೂ ಬಿಟ್ಟು ಬರಿಯ ಕಪ್ಪು ಬಿಳುಪಿಗೆ ಇಳಿಯುವಾಗ ಒಂದು ಜಾಣತನದ ಉಪಾಯವುಂಟು. ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿ ಸ್ಟೈನ್‌ಬರ್ಗ್ ಎಂಬುವರು 1976ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ, ಒಂದು ಪಿಕ್ಸೆಲನ್ನು ಕಪ್ಪು ಅಥವಾ ಬಿಳುಪು ಮಾಡಿದಾಗ ಆದ ತಪ್ಪನ್ನು ಎಸೆಯುವುದಿಲ್ಲ, ಅಕ್ಕಪಕ್ಕದವುಗಳಿಗೆ ಹಂಚುತ್ತಾರೆ. ತಪ್ಪಿನ ಹದಿನಾರರಲ್ಲಿ 7 ಪಾಲು ಬಲಗಡೆಯ ಪಿಕ್ಸೆಲ್‌ಗೆ. ಕೆಳಗಿನ ಸಾಲಿನಲ್ಲಿ ಎಡಕ್ಕೆ 3, ನೇರ ಕೆಳಕ್ಕೆ 5, ಬಲಕ್ಕೆ 1. ಒಂದು ಕಡೆ ಹೆಚ್ಚಾದುದು ಇನ್ನೊಂದು ಕಡೆ ಕಡಮೆಯಾಗಿ, ದೂರದಿಂದ ನೋಡುವ ಕಣ್ಣಿಗೆ ಕಪ್ಪು ಬಿಳುಪು ಚುಕ್ಕಿಗಳ ಸಾಂದ್ರತೆಯೇ ಬೂದುಛಾಯೆಯಂತೆ ತೋರುತ್ತದೆ. ವೃತ್ತಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಿಂದ ನೋಡಿದವರಿಗೆ ಇಂಥ ಚುಕ್ಕಿಗಳು ಅಪರಿಚಿತವಲ್ಲ. ಕ್ಯೂಟ್ ಲೈಬ್ರರಿಯಲ್ಲಿ ಕಪ್ಪು ಬಿಳುಪಿನ ಪರಿವರ್ತನೆಗೆ ಈ ಕ್ರಮವನ್ನು ಆರಿಸಿಕೊಳ್ಳಬಹುದು. ಕಳೆದುಹೋದ ವಿವರವನ್ನು ಇದು ಮರಳಿ ಕೊಡುವುದಿಲ್ಲ. ಕಣ್ಣಿಗೆ ಕೊರತೆ ತಿಳಿಯದಂತೆ ಮಾಡುತ್ತದೆ.

ಮೊದಲೇ ಗುಣಿಸಿದ ಬಣ್ಣ

ಆಲ್ಫಾ ಎಂಬ ನಾಲ್ಕನೆಯ ಬೈಟ್‌ನ ಕಥೆಯನ್ನು ಈಗ ಹೇಳಬಹುದು. ಗಾಜಿನ ಮೇಲೆ ಬಣ್ಣ ಬಳಿದಾಗ ಹಿಂದಿನ ವಸ್ತು ಎಷ್ಟು ಮರೆಯಾಗುತ್ತದೆ ಎಂಬುದನ್ನು ಆಲ್ಫಾ ಸೂಚಿಸುತ್ತದೆ. 255 ಎಂದರೆ ಪೂರ್ತಿ ಮರೆ. 0 ಎಂದರೆ ಪೂರ್ತಿ ಪಾರದರ್ಶಕ. ಪರದೆಯ ಮೇಲೆ ಒಂದು ಕಿಟಕಿಯ ನೆರಳು ಇನ್ನೊಂದರ ಮೇಲೆ ಬೀಳುವುದು, ಅಕ್ಷರಗಳ ಅಂಚು ನಯವಾಗಿ ಕಾಣುವುದು ಇದರಿಂದಲೇ. ಮೇಲಿನ ಬಣ್ಣವನ್ನು ಅದರ ಆಲ್ಫಾ ಪಾಲಿನಿಂದ ಗುಣಿಸಿ, ಕೆಳಗಿನ ಬಣ್ಣವನ್ನು ಉಳಿದ ಪಾಲಿನಿಂದ ಗುಣಿಸಿ, ಎರಡನ್ನೂ ಕೂಡಿಸಿದರೆ ಕಣ್ಣಿಗೆ ಕಾಣಬೇಕಾದ ಬಣ್ಣ ದೊರೆಯುತ್ತದೆ.

ಇಲ್ಲಿ ಮೊದಲನೆಯ ಗುಣಾಕಾರವನ್ನು ಪ್ರತಿಸಲವೂ ಮಾಡುವ ಬದಲು ಒಮ್ಮೆಯೇ ಮಾಡಿ ಬರೆದಿಟ್ಟರೆ ಶ್ರಮ ಉಳಿಯುತ್ತದೆಯಲ್ಲವೆ? ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬಿಬ್ಬರು 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಬೀಜಗಣಿತವನ್ನು ಈ ರೀತಿಯ ಬಣ್ಣಗಳ ಮೇಲೆಯೇ ಕಟ್ಟಿದರು. ಕ್ಯೂಟ್ ಲೈಬ್ರರಿಯಲ್ಲಿಯೂ ಹೀಗೆ ಮೊದಲೇ ಗುಣಿಸಿದ ನಮೂನೆಯುಂಟು. ಚಿತ್ರ ಬರೆಯುವ ಕೆಲಸ ಅದರಲ್ಲಿ ಬಹು ಶೀಘ್ರವಾಗಿ ನಡೆಯುವುದರಿಂದ, ಗುಣಿಸದ ನಮೂನೆಯ ಬದಲು ಅದನ್ನೇ ಬಳಸಿರೆಂದು ಅದರ ಕೈಪಿಡಿ ಸಲಹೆ ಕೊಡುತ್ತದೆ.

ಆದರೆ ಈ ಅನುಕೂಲಕ್ಕೂ ಬೆಲೆಯುಂಟು. ಕೆಂಪು 200, ಆಲ್ಫಾ 128 ಇರುವ ಪಿಕ್ಸೆಲನ್ನು ತೆಗೆದುಕೊಳ್ಳಿ. 200 × 128 ÷ 255 ಎಂದರೆ ಸುಮಾರು 100. ಹಿಂದಕ್ಕೆ ತಿರುಗಿಸಿದರೆ 100 × 255 ÷ 128, ಸುಮಾರು 199. ಒಂದು ಮೆಟ್ಟಿಲು ಮಾತ್ರ ಕದಲಿತು, ಚಿಂತೆಯಿಲ್ಲ. ಅದೇ ಕೆಂಪು 200ಕ್ಕೆ ಆಲ್ಫಾ 2 ಇದ್ದರೇನಾಗುತ್ತದೆ? ಗುಣಿಸಿ ಭಾಗಿಸಿದಾಗ 1.57, ಸಮೀಪದ ಪೂರ್ಣಾಂಕ 2. ಹಿಂದಕ್ಕೆ ತಿರುಗಿಸಿದರೆ 2 × 255 ÷ 2, ಎಂದರೆ 255! ಆಲ್ಫಾ 0 ಆಗಿದ್ದರೆ ಬಣ್ಣವು ಗುರುತೇ ಇಲ್ಲದಂತೆ ಅಳಿದುಹೋಗುತ್ತದೆ. ಅಷ್ಟು ತೆಳುವಾದ ಬಣ್ಣ ಹೇಗೂ ಕಣ್ಣಿಗೆ ಕಾಣದೆಂಬುದು ನಿಜ. ಆದರೆ ಮುಂದೆ ಯಾರಾದರೂ ಆ ಭಾಗವನ್ನು ಮತ್ತೆ ಗಾಢಗೊಳಿಸಲು ಹೊರಟರೆ ಹಳೆಯ ಬಣ್ಣ ಅಲ್ಲಿರುವುದಿಲ್ಲ.

ಆಲ್ಫಾಕ್ಕೆ ಸ್ಥಳವೇ ಇಲ್ಲದ ನಮೂನೆಗೆ ಬದಲಾಯಿಸಿದರೆ ಮರೆಯಾಗಿದ್ದ ಬಣ್ಣ ಹೊರಗೆ ಬರುತ್ತದೆ. ಪಾರದರ್ಶಕ ಹಿನ್ನೆಲೆಯ ಲಾಂಛನವೊಂದನ್ನು ಬೇರೆ ಬಗೆಯ ಚಿತ್ರವಾಗಿ ಉಳಿಸಿದಾಗ ಸುತ್ತಲೂ ಕಪ್ಪು ಆವರಿಸಿಕೊಂಡುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಣದ ಆ ಪಿಕ್ಸೆಲ್‌ಗಳಲ್ಲಿ ಸೊನ್ನೆಗಳಿದ್ದುವು. ಸೊನ್ನೆ ಎಂದರೆ ಕಪ್ಪು. ಮುಸುಕನ್ನು ತೆಗೆದೊಡನೆ ಕಪ್ಪು ಹೊರಬಿದ್ದಿತು.

ನಡುವಿನ ಭಾಷೆ

ಮೂವತ್ತು ನಮೂನೆಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಎಷ್ಟು? ಪ್ರತಿಯೊಂದರಿಂದಲೂ ಉಳಿದ 29ಕ್ಕೆ, ಒಟ್ಟು 870. ಇಷ್ಟು ದಾರಿಗಳಿಗೂ ಬೇರೆ ಬೇರೆ ಪ್ರೋಗ್ರಾಮು ಬರೆದು ಪರೀಕ್ಷಿಸುವುದು ದುಸ್ಸಾಧ್ಯ. ಬಹುಭಾಷೆಗಳ ಸಭೆಯಲ್ಲಿ ಎಲ್ಲರಿಗೂ ತಿಳಿದ ಒಂದು ಭಾಷೆಯನ್ನು ನಡುವೆ ಇಟ್ಟುಕೊಳ್ಳುವಂತೆ, ಲೈಬ್ರರಿಯೂ ಒಂದು ಮಧ್ಯಸ್ಥ ನಮೂನೆಯನ್ನು ಇಟ್ಟುಕೊಳ್ಳುತ್ತದೆ. ಆಗ ಪ್ರತಿಯೊಂದು ನಮೂನೆಗೂ ಮಧ್ಯಸ್ಥಕ್ಕೆ ಹೋಗುವ ದಾರಿಯೊಂದು, ಅಲ್ಲಿಂದ ಬರುವ ದಾರಿಯೊಂದು. ಒಟ್ಟು 60 ಸಾಕು. ಹೆಚ್ಚು ಬಳಕೆಯಿರುವ ಜೋಡಿಗಳಿಗೆ ಮಾತ್ರ ನೇರವಾದ ಒಳದಾರಿಗಳನ್ನು ಹಾಕಿರುತ್ತಾರೆ.

ಮಧ್ಯಸ್ಥನ ಶಬ್ದಸಂಪತ್ತು ಇಬ್ಬರಿಗಿಂತಲೂ ಕಡಮೆಯಾಗಿದ್ದರೆ ಮಾತು ನಡುದಾರಿಯಲ್ಲಿಯೇ ಸೊರಗುತ್ತದೆ. ಬಣ್ಣವೊಂದಕ್ಕೆ 16 ಬಿಟ್‌ಗಳಿರುವ ಚಿತ್ರವನ್ನು ಮತ್ತೊಂದು 16 ಬಿಟ್‌ಗಳ ನಮೂನೆಗೆ ಒಯ್ಯುವಾಗ ನಡುವೆ 8 ಬಿಟ್‌ಗಳ ನಮೂನೆಯನ್ನು ಹಾಯ್ದರೆ, ಎರಡು ತುದಿಗಳಲ್ಲಿಯೂ ಸ್ಥಳವಿದ್ದು ನಡುವೆ ಮಾತ್ರ ನಷ್ಟವಾಗುತ್ತದೆ. ಆದುದರಿಂದ ಅಂಥ ಚಿತ್ರಗಳಿಗಾಗಿ ಕ್ಯೂಟ್ ಲೈಬ್ರರಿಯು ಪಿಕ್ಸೆಲ್‌ಗೆ 64 ಬಿಟ್‌ಗಳ ಅಗಲವಾದ ಮಧ್ಯಸ್ಥವನ್ನು ಬಳಸುತ್ತದೆ.

ವೇಗದ ಪ್ರಶ್ನೆಯೂ ಸಣ್ಣದಲ್ಲ. ಸೆಕೆಂಡಿಗೆ 60 ಬಾರಿ ಪರದೆಯನ್ನು ಹೊಸದಾಗಿ ಬರೆಯಬೇಕಾದರೆ ಒಂದು ಸಲಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಅರವತ್ತನೆಯ ಭಾಗ. ಮೊದಲು ಹೇಳಿದ ಅಳತೆಯ ಚಿತ್ರವನ್ನು ಪ್ರತಿಸಲವೂ ಪರಿವರ್ತಿಸುವುದಾದರೆ ಸೆಕೆಂಡಿಗೆ 12,44,16,000 ಪಿಕ್ಸೆಲ್‌ಗಳು. ಇಂದಿನ ಪ್ರೊಸೆಸರುಗಳಲ್ಲಿ ನಾಲ್ಕು ಪಿಕ್ಸೆಲ್‌ಗಳನ್ನೋ ಎಂಟನ್ನೋ ಒಟ್ಟಿಗೆ ಹಿಡಿದು ಒಂದೇ ಆಜ್ಞೆಯಿಂದ ಬದಲಾಯಿಸುವ ಸೌಕರ್ಯವುಂಟು. ಲೈಬ್ರರಿಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಹಾಗಿದ್ದರೂ ಎಲ್ಲಕ್ಕಿಂತ ಶೀಘ್ರವಾದ ಪರಿವರ್ತನೆ ಯಾವುದೆಂದರೆ ಮಾಡಬೇಕಾಗಿಯೇ ಇಲ್ಲದ ಪರಿವರ್ತನೆ. ಚಿತ್ರ ಆಗಲೇ ಬೇಕಾದ ನಮೂನೆಯಲ್ಲಿದ್ದರೆ ಕ್ಯೂಟ್ ಲೈಬ್ರರಿ ಏನನ್ನೂ ಮುಟ್ಟದೆ ಅದನ್ನೇ ಹಿಂದಕ್ಕೆ ಕೊಡುತ್ತದೆ.

ಮೂಲವನ್ನು ಕಾಯುವುದು

ಇಷ್ಟೆಲ್ಲ ಸೂಕ್ಷ್ಮವನ್ನು ತಿಳಿಯುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ವಿನೋದಕ್ಕಾಗಿ ತೆಗೆದ ಛಾಯಾಚಿತ್ರದಲ್ಲಿ ಒಂದೆರಡು ಮೆಟ್ಟಿಲು ಕದಲಿದರೆ ಹಾನಿಯಿಲ್ಲ. ಆಸ್ಪತ್ರೆಯ ಎಕ್ಸ್‌ರೇ ಚಿತ್ರದ ವಿಷಯ ಹಾಗಲ್ಲ. ಅಂಥ ಚಿತ್ರಗಳನ್ನು ಅನೇಕ ವೇಳೆ ಪಿಕ್ಸೆಲ್‌ಗೆ 12 ಬಿಟ್‌ಗಳಂತೆ, ಎಂದರೆ 4096 ಛಾಯೆಗಳಲ್ಲಿ, ಬರೆದಿಡುತ್ತಾರೆ. ಇದನ್ನು ಸಾಮಾನ್ಯ ಪರದೆಯ 256 ಛಾಯೆಗಳಿಗೆ ಸಮನಾಗಿ ಇಳಿಸಿದರೆ ಹದಿನಾರು ಹದಿನಾರು ಛಾಯೆಗಳು ಒಂದಾಗುತ್ತವೆ. ಶ್ವಾಸಕೋಶದ ಮೂಲೆಯಲ್ಲಿ ಈಗತಾನೆ ಹುಟ್ಟುತ್ತಿರುವ ರೋಗದ ಗುರುತು ತನ್ನ ಸುತ್ತಲಿಗಿಂತ ಹತ್ತೇ ಛಾಯೆಗಳಷ್ಟು ಭಿನ್ನವಾಗಿದ್ದರೆ, ಆ ಗುರುತು ಈ ಬೆರಕೆಯಲ್ಲಿ ಅಳಿಸಿಹೋಗಬಹುದು. ವೈದ್ಯರ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ ಇಲ್ಲದುದನ್ನು ಕಾಣಲಾರದು.

ಇದಕ್ಕೆ ವೈದ್ಯಕೀಯ ಪ್ರೋಗ್ರಾಮುಗಳು ಕಂಡುಕೊಂಡಿರುವ ಮಾರ್ಗ ಎಲ್ಲರಿಗೂ ಅನುಕರಣೀಯವಾದುದು. ಅವು ಮೂಲದ 12 ಬಿಟ್‌ಗಳನ್ನು ಮುಟ್ಟುವುದಿಲ್ಲ. 4096 ಛಾಯೆಗಳಲ್ಲಿ ವೈದ್ಯರಿಗೆ ಬೇಕಾದ ಒಂದು ಸಣ್ಣ ವ್ಯಾಪ್ತಿಯನ್ನು ಮಾತ್ರ ಆರಿಸಿ, ಅದನ್ನು ಪರದೆಯ 256 ಛಾಯೆಗಳ ಮೇಲೆ ಹರಡಿ ತೋರಿಸುತ್ತವೆ. ಮೂಳೆಯನ್ನು ನೋಡಬೇಕಾದರೆ ಒಂದು ವ್ಯಾಪ್ತಿ, ಮೆತ್ತನೆಯ ಅಂಗಗಳನ್ನು ನೋಡಬೇಕಾದರೆ ಇನ್ನೊಂದು. ಪರಿವರ್ತನೆ ನೋಟಕ್ಕಾಗಿ ಮಾತ್ರ. ಮೂಲ ಮೂಲವಾಗಿಯೇ ಉಳಿಯುತ್ತದೆ. ಕ್ಯೂಟ್ ಲೈಬ್ರರಿಯಲ್ಲಿಯೂ 16 ಬಿಟ್‌ಗಳ ಬೂದುಛಾಯೆಯ ನಮೂನೆಯಿರುವುದರಿಂದ ಇಂಥ ಮೂಲವನ್ನು ಕುಂದಿಲ್ಲದೆ ಇಟ್ಟುಕೊಳ್ಳುವುದು ಸಾಧ್ಯವಾಗಿದೆ.

ಒಟ್ಟಿನಲ್ಲಿ ನೆನಪಿಡಬೇಕಾದ ಮಾತುಗಳು ಕೆಲವೇ. ಚಿತ್ರ ಬಂದ ಬಾಗಿಲಿನಲ್ಲಿಯೇ ಅದರ ಒಪ್ಪಂದವೇನೆಂದು ಕೇಳಿ ತಿಳಿಯಬೇಕು, ಊಹಿಸಬಾರದು. ಬೈಟ್‌ಗಳ ಸ್ಥಾನವನ್ನು ಮಾತ್ರ ಬದಲಿಸುವ ಪರಿವರ್ತನೆಯನ್ನೂ ವಿವರವನ್ನು ಕಡಮೆ ಮಾಡುವ ಪರಿವರ್ತನೆಯನ್ನೂ ಬೇರೆ ಬೇರೆಯೆಂದು ಅರಿತಿರಬೇಕು. ಎರಡನೆಯದನ್ನು ಮಾಡಲೇಬೇಕಾದರೆ ಒಂದೇ ಸಲ, ಎಲ್ಲ ಕೆಲಸ ಮುಗಿದ ಮೇಲೆ, ಪ್ರತಿಯ ಮೇಲೆ ಮಾಡಬೇಕು.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಹಣವಿಲ್ಲದೆ ದೊರೆಯುವ ಗಿಂಪ್ ಎಂಬ ಚಿತ್ರದ ಪ್ರೋಗ್ರಾಮಿನಲ್ಲಿ ಸಂಜೆಯ ಆಕಾಶದ ಛಾಯಾಚಿತ್ರವೊಂದರ ಪ್ರತಿಯನ್ನು ತೆರೆದು, ಅದನ್ನು 16 ಬಣ್ಣಗಳ ಪಟ್ಟಿಗೆ ಇಳಿಸಿರಿ. ಒಮ್ಮೆ ಚುಕ್ಕಿ ಹಂಚಿಕೆಯಿಲ್ಲದೆ, ಇನ್ನೊಮ್ಮೆ ಫ್ಲಾಯ್ಡ್-ಸ್ಟೈನ್‌ಬರ್ಗ್ ಕ್ರಮದಿಂದ ಮಾಡಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿರಿ. ಬಳಿಕ ಎರಡನ್ನೂ ಮತ್ತೆ ಪೂರ್ಣವರ್ಣದ ನಮೂನೆಗೆ ಏರಿಸಿರಿ. ಫೈಲಿನಲ್ಲಿ ಕೋಟಿಗೂ ಮೀರಿದ ಬಣ್ಣಗಳಿಗೆ ಈಗ ಸ್ಥಳವಿರುತ್ತದೆ. ಆದರೆ ಅಲ್ಲಿರುವ ಬಣ್ಣಗಳನ್ನು ಎಣಿಸಿದರೆ ಹದಿನಾರೇ ಇರುತ್ತವೆ.